ರೈಲೋ ಕಾರೋ: ಪಯಣಿಗನ ಸ್ವಾತಂತ್ರ್ಯ

ಯುರೋಪಿನ ಹಲವು ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡಲು ರೈಲು ಹಿಡಿಯಬೇಕೋ ಕಾರು ಬಾಡಿಗೆಗೆ ಪಡೆಯಬೇಕೋ ಎಂಬುದು ಮೇಲ್ನೋಟಕ್ಕೆ ಖರ್ಚಿನ ಲೆಕ್ಕ. ಆಳದಲ್ಲಿ ಅದು ಸ್ವಾತಂತ್ರ್ಯ ಎಂದರೇನು ಎಂಬ ಪ್ರಶ್ನೆ. ತತ್ತ್ವಜ್ಞಾನಿ ಐಸಾಯ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಸ್ವಾತಂತ್ರ್ಯವನ್ನು ಎರಡಾಗಿ ಬಿಡಿಸಿದರು: ಪರರ ಅಡ್ಡಿ ಇಲ್ಲದಿರುವುದು ಒಂದು, ತನಗೆ ತಾನೇ ಒಡೆಯನಾಗಿರುವುದು ಇನ್ನೊಂದು.

ಕಾರು ಮೊದಲನೆಯದರ ಭರವಸೆ ಕೊಡುತ್ತದೆ. ಟಸ್ಕನಿಯ ಸಾನ್ ಜಿಮಿನ್ಯಾನೊದಂಥ ಬೆಟ್ಟದೂರಿಗೆ ರೈಲು ನಿಲ್ದಾಣವೇ ಇಲ್ಲ. ಅಲ್ಲಿ ಕಾರಿನ ವಾದ ಗಟ್ಟಿ. ಆದರೆ ಫ್ಲಾರೆನ್ಸಿನ ಹಳೆಯ ಪೇಟೆಗೆ ಪರವಾನಗಿಯಿಲ್ಲದ ವಾಹನ ನುಗ್ಗಿದರೆ ಕ್ಯಾಮೆರಾ ಗುರುತಿಸಿ ದಂಡ ಬೀಳುತ್ತದೆ. ವೆನಿಸ್ಸಿನೊಳಗೆ ಕಾರಿಗೆ ದಾರಿಯೇ ಇಲ್ಲ. ಒಂದು ದೇಶದಲ್ಲಿ ಪಡೆದ ಕಾರನ್ನು ಇನ್ನೊಂದರಲ್ಲಿ ಬಿಟ್ಟರೆ ಸಾಮಾನ್ಯವಾಗಿ ದುಬಾರಿ ಶುಲ್ಕ.

ರೈಲು ಎರಡನೆಯದಕ್ಕೆ ಹತ್ತಿರ. ಅದರ ಪ್ರಯಾಣಿಕ ತಾನೇ ಆರಿಸಿಕೊಂಡ ವೇಳಾಪಟ್ಟಿಗೆ ಕಟ್ಟುಬಿದ್ದವನು, ಆದರೆ ಅವನ ಗಮನ ಸ್ವತಂತ್ರ. ಪ್ಯಾರಿಸ್ಸಿನಿಂದ ಲಿಯೋನಿಗೆ ಹೋಗುವ ಸುಮಾರು ಎರಡು ಗಂಟೆ ಓದಿಗೆ, ಮಾತಿಗೆ, ಕಿಟಕಿಯಾಚೆಯ ಹೊಲಗಳಿಗೆ ಮೀಸಲು. ಚಾಲಕನ ಕಣ್ಣಿಗೆ ಆ ಬಿಡುವಿಲ್ಲ. ತಾನೇ ವಿಧಿಸಿಕೊಂಡ ನಿಯಮದಂತೆ ನಡೆಯುವುದು ದಾಸ್ಯವಲ್ಲ ಎಂಬ ತತ್ತ್ವಜ್ಞಾನಿ ರೂಸೋನ ವಿಚಾರ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಆ ಕಟ್ಟು ಎಲ್ಲೆಡೆ ಒಂದೇ ಬಿಗಿಯಲ್ಲ: ಹಲವು ದೇಶಗಳ ರೈಲುಗಳಿಗೆ ಸಲ್ಲುವ, ಭಾರತೀಯರೂ ಕೊಳ್ಳಬಹುದಾದ ಯುರೇಲ್ ಪಾಸ್ ಇದ್ದರೆ ಜರ್ಮನಿ, ಸ್ವಿಟ್ಜರ್ಲೆಂಡಿನ ಬಹುತೇಕ ರೈಲುಗಳನ್ನು ಮುಂಗಡವಾಗಿ ಆಸನ ಕಾಯ್ದಿರಿಸದೆ ಹತ್ತಬಹುದು. ಫ್ರಾನ್ಸ್, ಇಟಲಿಯ ಅತಿವೇಗದ ರೈಲುಗಳಿಗೆ ಆಸನ ಕಾಯ್ದಿರಿಸುವುದು ಕಡ್ಡಾಯ.

ನಮ್ಮ ಪಯಣ ಪರರ ಪಾಲಿನ ಗಾಳಿಯನ್ನು ಕೆಡಿಸುವ ಪ್ರಶ್ನೆಯೂ ಇದೆ. ತಲಾ ಲೆಕ್ಕದಲ್ಲಿ ರೈಲು ಉಗುಳುವ ಇಂಗಾಲ ಕಾರಿಗಿಂತ ಕಡಿಮೆ. ನಾಲ್ವರು ಕೂತ ಕಾರಿನಲ್ಲಿ ಆ ಅಂತರ ಕಿರಿದಾಗುತ್ತದೆ. ನಗರದಿಂದ ನಗರಕ್ಕೆ ಒಬ್ಬರೇ ಕಾರು ಓಡಿಸುವುದಕ್ಕೆ ನೈತಿಕ ಸಮರ್ಥನೆ ಕಷ್ಟ. ಕೊನೆಯ ನಿಲ್ದಾಣದಿಂದಾಚೆ ಹಳ್ಳಿಗಳಿಗೆ ಒಂದೆರಡು ದಿನ ಕಾರು ಪಡೆಯುವುದಕ್ಕೆ ಆ ಆಕ್ಷೇಪ ಅಷ್ಟಾಗಿ ತಾಗದು.