ಬೀಗದ ಕೈ ಯಾರಲ್ಲಿರಬೇಕು?

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕಟ್ಟಿದವನು ಯಾರೋ ಕಾಣೆ. ಅವನಿಗೆ ಅರವತ್ತು ತುಂಬಿರಲಿಲ್ಲವೆಂಬುದು ಮಾತ್ರ ನಿಶ್ಚಯ. ತುಂಬಿದ್ದರೆ ಇಷ್ಟು ಧಾರಾಳವಾಗಿ ಎಲ್ಲರನ್ನೂ ಒಂದೇ ಮೂಟೆಯಲ್ಲಿ ಕಟ್ಟುತ್ತಿರಲಿಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವವನಿಗೂ ಅರಳುಮರಳು, ಕಟ್ಟಿಕೊಂಡ ಹೆಂಡತಿಯನ್ನೇ ಗುರುತು ಹಿಡಿಯಲಾರದವನಿಗೂ ಅರಳುಮರಳು! ಇವೆರಡರ ನಡುವೆ ಹಾಸನಕ್ಕೂ ಕಾಶಿಗೂ ಇರುವಷ್ಟು ದೂರವಿದೆ. ಬೇಂದ್ರೆಯವರು ಈ ಮಾತನ್ನೇ ಹಿಡಿದು ತಮ್ಮ ಸಂಕಲನಕ್ಕೆ 'ಅರಳು ಮರಳು' ಎಂದು ಹೆಸರಿಟ್ಟರು. 1958ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಕವಿಗೆ ಅರವತ್ತು ದಾಟಿತ್ತು. ನಮ್ಮ ಸೀಮೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ. ಅಮೆರಿಕಕ್ಕೆ ಹೋಗಿಬಂದು ಬರೆದ ಪುಸ್ತಕಕ್ಕೆ ಅದೇ ಪ್ರಶಸ್ತಿ ಬಂದದ್ದು 1980ರಲ್ಲಿ.

ಆದರೆ ಎಲ್ಲರಿಗೂ ಗೊರೂರರ ಅದೃಷ್ಟವಿರುವುದಿಲ್ಲ. ಪೂರ್ಣ ಅರಿವು ಒಂದು ದಡ, ಅರಿವಿನ ನಾಶ ಇನ್ನೊಂದು ದಡ ಎಂದಿಟ್ಟುಕೊಂಡರೆ ನಡುನೀರಿನಲ್ಲಿ ನಿಂತವರೂ ಇದ್ದಾರೆ. ವೈದ್ಯರು ಈ ಸ್ಥಿತಿಗೆ ಬೇರೆ ಹೆಸರನ್ನೇ ಕೊಟ್ಟಿದ್ದಾರೆ. 'ಅರಿವಿನ ಸೌಮ್ಯ ಕುಂದು' ಎಂದು ಕನ್ನಡಿಸಬಹುದು. ಅಮೆರಿಕದ ಮೇಯೊ ಕ್ಲಿನಿಕ್ಕಿನ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಅದರ ಲಕ್ಷಣಗಳನ್ನು ವಿವರಿಸಿದರು. ನೆನಪು ಕೈಕೊಡುತ್ತಿದೆಯೆಂದು ಮನುಷ್ಯನಿಗೇ ಅನ್ನಿಸುತ್ತದೆ. ಪರೀಕ್ಷಿಸಿದರೆ ವಯಸ್ಸಿಗೆ ಮೀರಿದ ಕೊರತೆ ಕಾಣುತ್ತದೆ. ಆದರೂ ದಿನನಿತ್ಯದ ವ್ಯವಹಾರವನ್ನು ಅವನು ತಾನೇ ನಡೆಸಿಕೊಂಡು ಹೋಗುತ್ತಿರುತ್ತಾನೆ. ಈ ಕಡೆಯ ಮಾತನ್ನು ವಾಚಕರು ಗಮನದಲ್ಲಿಡಬೇಕು. ನನ್ನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಇಂಥವರೆಲ್ಲ ಆಚೆಯ ದಡಕ್ಕೇ ಹೋಗುತ್ತಾರೆಂದೇನೂ ಇಲ್ಲ. ಕೆಲವರು ಹೋಗುತ್ತಾರೆ, ಕೆಲವರು ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತಾರೆ, ಕೆಲವರು ಈಚೆಗೆ ಮರಳಿಯೂ ಬರುತ್ತಾರೆ. ಬಿ-12 ಜೀವಸತ್ತ್ವದ ಕೊರತೆ ಸಸ್ಯಾಹಾರದ ಮನೆಗಳಲ್ಲಿ ಅಪರೂಪವಲ್ಲ. ಅದರಿಂದಲೂ ಮರೆವು ಬರುತ್ತದೆ, ಸೂಜಿಯಿಂದಲೋ ಮಾತ್ರೆಯಿಂದಲೋ ಸುಧಾರಿಸುವುದೂ ಉಂಟು. ಥೈರಾಯ್ಡ್ ಗ್ರಂಥಿಯ ಆಲಸ್ಯ, ವರ್ಷಗಟ್ಟಲೆ ನುಂಗಿದ ನಿದ್ದೆಯ ಗುಳಿಗೆ, ಜೊತೆಗಾರರನ್ನು ಕಳೆದುಕೊಂಡ ಮೇಲಿನ ಖಿನ್ನತೆ, ಇವೂ ಅದೇ ವೇಷ ಹಾಕಿಕೊಂಡು ಬರುತ್ತವೆ. ಕಿವುಡನ್ನು ಮರೆಯಬಾರದು. ಕಿವಿಗೇ ಬೀಳದ ಮಾತನ್ನು ನೆನಪಿಡುವುದಾದರೂ ಹೇಗೆ? ವಯಸ್ಸಾಯಿತು ಬಿಡಿ ಎಂದು ಕೈಚೆಲ್ಲುವ ಮೊದಲು ಇಷ್ಟನ್ನಾದರೂ ನೋಡಿಸುವುದು ಮನೆಯವರ ಕರ್ತವ್ಯ.

ಹೊಳೆನರಸೀಪುರದಲ್ಲಿ ನನ್ನ ದೂರದ ಬಂಧುವೊಬ್ಬರಿದ್ದಾರೆ, ನಿವೃತ್ತ ಮೇಷ್ಟರು, ಎಪ್ಪತ್ತೈದು ದಾಟಿದವರು. ಒಂದು ತಿಂಗಳು ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟುಬಿಟ್ಟರು. ಇನ್ನೊಮ್ಮೆ ಪೇಟೆಗೆ ಹೋದವರು ಏಕೆ ಬಂದೆನೆಂದು ತಿಳಿಯದೆ ಬರಿಗೈಯಲ್ಲಿ ಹಿಂದಿರುಗಿದರು. ಬೆಂಗಳೂರಿನಲ್ಲಿರುವ ಮಗ ಬಂದ. ಒಳ್ಳೆಯ ಮಗ, ಅದರಲ್ಲಿ ಎರಡು ಮಾತಿಲ್ಲ. "ಅಪ್ಪಾ, ನೀವು ಹಾಯಾಗಿ ಕೂತ್ಕೊಳಿ, ಎಲ್ಲಾ ನಾನು ನೋಡ್ಕೋತೀನಿ" ಎಂದ. ಹಾಲಿನ ದುಡ್ಡು ಬೆಂಗಳೂರಿನಿಂದ ಫೋನಿನಲ್ಲೇ ಸಂದಾಯವಾಗತೊಡಗಿತು. ದಿನಸಿ ಮನೆ ಬಾಗಿಲಿಗೆ ಬಂತು. ಪಿಂಚಣಿಯ ಪಾಸ್‌ಬುಕ್ ಮಗನ ಚೀಲ ಸೇರಿತು. ಕಡೆಗೆ ಬೀರುವಿನ ಬೀಗದ ಕೈಯೂ ಸೇರಿತು. ಆರು ತಿಂಗಳ ಮೇಲೆ ನಾನು ಹೋದಾಗ ಮೇಷ್ಟರು ಜಗಲಿಯ ಮೇಲೆ ಕೂತಿದ್ದರು. ಇವತ್ತು ಯಾವ ವಾರ ಎಂದು ಅರ್ಧ ಗಂಟೆಯಲ್ಲಿ ಮೂರು ಸಲ ಕೇಳಿದರು. ಮಗ ನನ್ನ ಕಡೆ ನೋಡಿ ತಲೆಯಾಡಿಸಿದ, ನೋಡಿದಿರಾ ಎಂಬಂತೆ.

ನೋಡಿದೆ. ಆದರೆ ನೋಡಿದ್ದು ಏನನ್ನು? ಬ್ಯಾಂಕಿಗೆ ಹೋಗುವುದು ನಿಂತಿದೆ, ಸಂತೆ ನಿಂತಿದೆ. ವಾರ ತಿಳಿದು ಅವರಿಗೆ ಆಗಬೇಕಾದದ್ದೇನು? ಸೌಮ್ಯ ಕುಂದಿಗೂ ದೊಡ್ಡ ಕಾಯಿಲೆಗೂ ನಡುವೆ ವೈದ್ಯರು ಗೆರೆ ಎಳೆಯುವುದು ದಿನನಿತ್ಯದ ವ್ಯವಹಾರ ಸಾಗುತ್ತಿದೆಯೋ ಇಲ್ಲವೋ ಎಂಬುದರ ಮೇಲೆ. ಆ ವ್ಯವಹಾರವನ್ನೇ ನಾವು ಪ್ರೀತಿಯಿಂದ ಕಸಿದುಕೊಂಡರೆ ಗೆರೆಯನ್ನು ಅಳಿಸಿದವರು ನಾವೇ ಆದಂತಾಯಿತು. ಮೇಷ್ಟರ ಮರೆವಿನಲ್ಲಿ ಕಾಯಿಲೆಯ ಪಾಲೆಷ್ಟು, ಜಗಲಿಯ ಪಾಲೆಷ್ಟು? ಯಾವ ಪರೀಕ್ಷೆಯೂ ಇನ್ನು ಅದನ್ನು ಬೇರ್ಪಡಿಸಿ ಹೇಳಲಾರದು. ನವೆಂಬರಿನಲ್ಲಿ ಅವರು ಜೀವಂತವಾಗಿದ್ದಾರೆಂದು ಪ್ರಮಾಣಪತ್ರ ಕೊಡಬೇಕು. ವರ್ಷದಲ್ಲಿ ಅವರಿಂದ ಲೋಕ ಕೇಳುವ ಕೆಲಸ ಈಗ ಅದೊಂದೇ.

ಅರಕಲಗೂಡಿನ ಕಡೆ ಒಬ್ಬ ಅಜ್ಜಿಯನ್ನು ಬಲ್ಲೆ. ಓದು ಬರಹವಿಲ್ಲ. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಬೆಳಗ್ಗೆ ಹೇಳಿದ್ದು ಸಂಜೆಗಿಲ್ಲ. ಎರಡು ಹಸು ಕರೆದು ಡೈರಿಗೆ ಹಾಲು ಹಾಕಿ ಬರುತ್ತಾಳೆ. ತಾರೀಕು ಕೇಳಿದರೆ ನಗುತ್ತಾಳೆ. ಆರಿದ್ರೆ ಮಳೆ ಹುಟ್ಟಿ ನಾಲ್ಕು ದಿನವಾಯಿತೆಂದು ಮಾತ್ರ ಸರಿಯಾಗಿ ಹೇಳುತ್ತಾಳೆ. ಪರದೇಶದಲ್ಲಿ ಹುಟ್ಟಿದ ಪ್ರಶ್ನಾವಳಿ ಇಂಥವರನ್ನು ಸಲೀಸಾಗಿ ನಪಾಸು ಮಾಡುತ್ತದೆ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದ ಮುದುಕರಿಗಾಗಿ ಪ್ರಶ್ನೆಗಳನ್ನೇ ಹೊಸದಾಗಿ ಹೊಂದಿಸಿ ಹಿಂದಿಯಲ್ಲಿ ಒಂದು ಪರೀಕ್ಷೆಯನ್ನು 1995ರ ಹೊತ್ತಿಗೆ ಸಿದ್ಧಪಡಿಸಿದ್ದು ಈ ಕಾರಣಕ್ಕೇ.

ಹಾಗೆಂದು ಹಳ್ಳಿಯನ್ನು ಹೊಗಳಿ ಮುಗಿಸುವಂತಿಲ್ಲ. ಪೇಟೆಯಲ್ಲಿ ಬೇಗ ಕಂಡು ಕೆಡಿಸುತ್ತೇವೆ, ಹಳ್ಳಿಯಲ್ಲಿ ಕಾಣದೆ ಕೆಡಿಸುತ್ತೇವೆ. ಹೇಮಾವತಿಯ ಜಲಾಶಯದಲ್ಲಿ ಊರು ಮುಳುಗಿದ ವೃದ್ಧರೊಬ್ಬರು ಹಳೆಯ ಊರಿನ ಓಣಿ ಓಣಿಯನ್ನೂ ವರ್ಣಿಸುತ್ತಾರೆ. ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಇಗರ್ಜಿಯ ಬಳಿ ನೆಲ ಒಣಗಿದ್ದ ಕಾಲದ ಕತೆ ಹೇಳುತ್ತಾರೆ. "ಐವತ್ತು ವರ್ಷದ ಹಿಂದಿನದೆಲ್ಲಾ ನೆನಪಿದೆ, ಇವರಿಗೆಲ್ಲಿಯ ಮರೆವು!" ಎಂದು ಮನೆಯವರ ಸಮಾಧಾನ. ಹಳೆಯದು ಕಡೆಗೆ ಹೋಗುತ್ತದೆ, ಹೊಸದು ಮೊದಲು ಹೋಗುತ್ತದೆ ಎಂಬುದು ಅವರಿಗೆ ತಿಳಿಯದು. ಒಲೆಯ ಮೇಲೆ ಇಟ್ಟದ್ದು ಸೀದು ಹೊಗೆ ತುಂಬಿದ ದಿನವೇ ತಿಳಿಯಬೇಕು.

ಇನ್ನು ಬೀಗದ ಕೈಯನ್ನು ಮುದುಕರಲ್ಲೇ ಬಿಟ್ಟರೆ ಅಪಾಯವಿಲ್ಲವೆ? ಇದೆ. ಫೋನಿನಲ್ಲಿ ಬ್ಯಾಂಕಿನವನೆಂದು ಹೇಳಿ ಹಣ ದೋಚುವವರಿದ್ದಾರೆ. ಅದಕ್ಕಿಂತ ಹತ್ತಿರದ ಅಪಾಯವೂ ಉಂಟು: ನೆನಪು ಮಸುಕಾದ ತಂದೆಯನ್ನು ಸಬ್‌ರಿಜಿಸ್ಟ್ರಾರರ ಕಚೇರಿಗೆ ಕರೆದೊಯ್ದು ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು. 'ಅಪ್ಪನಿಗೆ ಏನೂ ತಿಳಿಯುವುದಿಲ್ಲ' ಎಂದು ವರ್ಷವೆಲ್ಲಾ ಹೇಳುವ ಮಗನಿಗೆ ಆ ಒಂದು ದಿನ ಮಾತ್ರ ಅಪ್ಪನಿಗೆ ಎಲ್ಲವೂ ತಿಳಿಯುತ್ತದೆ! 2007ರ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತನ್ನು ಬರೆಸಿಕೊಳ್ಳುವ ಎಚ್ಚರ ಎಷ್ಟು ಮಂದಿಗಿದೆ?

1872ರ ನಮ್ಮ ಕರಾರು ಕಾಯಿದೆ ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿದೆ. ಒಬ್ಬನ ಬುದ್ಧಿ ಒಟ್ಟಾರೆ ಸರಿಯಿದೆಯೆ ಎಂದು ಅದು ಕೇಳುವುದಿಲ್ಲ. ಈ ಕರಾರನ್ನು, ಇದನ್ನು ಮಾಡುವ ಹೊತ್ತಿನಲ್ಲಿ, ಅರ್ಥ ಮಾಡಿಕೊಂಡು ತನಗಾಗುವ ಒಳಿತು ಕೆಡುಕನ್ನು ತೂಗಿ ನೋಡಬಲ್ಲನೆ ಎಂದಷ್ಟೇ ಕೇಳುತ್ತದೆ. ಮನೆಯಲ್ಲಿಯೂ ಹೀಗೆಯೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ತೋಟ ಮಾರುವುದು ಬೇರೆ, ತರಕಾರಿ ಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಎರಡನೆಯದರಲ್ಲಿ ಹತ್ತು ರೂಪಾಯಿ ಮೋಸಹೋದರೆ ಹೋಗಲಿ. ಆ ಹತ್ತು ರೂಪಾಯಿ ವೈದ್ಯರ ಚೀಟಿಗಿಂತ ಅಗ್ಗ.

ಆರೋಗ್ಯದ ಮಾತು ಕೇಳುವವರಿಗೆ ಹೊಸದೇನೂ ಇಲ್ಲ. 2024ರ ಲ್ಯಾನ್ಸೆಟ್ ಆಯೋಗ ತಿದ್ದಬಹುದಾದ 14 ಕಾರಣಗಳನ್ನು ಹೆಸರಿಸಿ, ಅವನ್ನೆಲ್ಲ ನಿವಾರಿಸಿದರೆ ಡಿಮೆನ್ಷಿಯದಲ್ಲಿ ಸುಮಾರು ಶೇಕಡ 45ನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ, ಹೊಗೆ, ಜಡತನ, ಕಿವಿ, ಕಣ್ಣು, ಒಂಟಿತನ ಎಲ್ಲಾ ಆ ಪಟ್ಟಿಯಲ್ಲಿವೆ. ನನಗೆ ಹೆಚ್ಚು ಹಿಡಿಸಿದ್ದು ಸುವರ್ಣ ಅಲ್ಲಾಡಿಯವರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಸಂಗತಿ: ಎರಡು ಭಾಷೆಯಾಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬಾರದವರಲ್ಲಿಯೂ ಸಹ. ಮನೆಯಲ್ಲಿ ಸಂಕೇತಿ, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಜಿಲ್ಲೆಯ ಅಜ್ಜಿಯರು ಇದನ್ನು ಕೇಳಿದರೆ ಸಂತೋಷಪಟ್ಟಾರು. ಆದರೆ ಭಾಷೆ ಎರಡಿದ್ದರೂ ಮಾತಾಡುವವರು ಬೇಕಷ್ಟೆ.

ಚನ್ನರಾಯಪಟ್ಟಣದ ಹತ್ತಿರ ತೆಂಗಿನ ತೋಟದ ಒಂದು ಮನೆ. ಅತ್ತೆಗೆ ಎಂಬತ್ತರ ಹತ್ತಿರ. ಮರೆವು ಶುರುವಾಗಿದೆ, ವೈದ್ಯರಿಗೂ ತೋರಿಸಿದ್ದಾರೆ. ಕಾಯಿ ಕೆಡವಿದ ದಿನ ವ್ಯಾಪಾರಿ ಕೂಗಿ ಕೂಗಿ ಎಣಿಸುತ್ತಾನೆ. ಆಕೆ ನೂರಕ್ಕೊಂದು ಇದ್ದಿಲ ಗೆರೆಯನ್ನು ಗೋಡೆಯ ಮೇಲೆ ಎಳೆಯುತ್ತಾಳೆ. ಸೊಸೆ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಾಳೆ. ಕಣಜದ ಬೀಗದ ಕೈ ಅತ್ತೆಯ ಸೊಂಟದಲ್ಲಿದೆ. ಇನ್ನೊಂದು ಕೈ ಸೊಸೆಯ ಪೆಟ್ಟಿಗೆಯಲ್ಲಿರುವುದು ಅತ್ತೆಗೂ ಗೊತ್ತು. ಅತ್ತೆಯ ಗೆರೆಗೂ ನಿನ್ನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಏನು ಮಾಡುತ್ತೀಯಮ್ಮ ಎಂದು ಕೇಳಿದೆ.

"ಇನ್ನೊಂದ್ಸಲ ಎಣಿಸಪ್ಪಾ ಅಂತ ವ್ಯಾಪಾರದೋರಿಗೆ ಹೇಳ್ತೀನಿ" ಎಂದಳು, "ಅತ್ತೇರಿಗೆ ಯಾಕೆ ಹೇಳಲಿ?"