ದೂರುವ ಹಕ್ಕು ಯಾರದು: ಬೀಟಲ್ಸ್ ಒಡೆದ ಮೇಲಿನ ಮುನಿಸು

ಬೀಟಲ್ಸ್ ತಂಡ ಒಂದೇ ದಿನದಲ್ಲಿ ಒಡೆಯಲಿಲ್ಲ, ಒಬ್ಬರಿಂದಲೂ ಒಡೆಯಲಿಲ್ಲ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ ಅವರ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 1967ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅಲ್ಲಿಂದಾಚೆಗೆ ಹಣಕಾಸಿಗೂ ಜಗಳಕ್ಕೂ ಮಧ್ಯೆ ನಿಲ್ಲುವವರು ಯಾರೂ ಇರಲಿಲ್ಲ. 1968ರ ಆಗಸ್ಟ್‌ನಲ್ಲಿ ಬೇಸತ್ತ ಸ್ಟಾರ್ ಸುಮಾರು ಎರಡು ವಾರ ತಂಡ ಬಿಟ್ಟು ಹೋದರು. 1969ರ ಜನವರಿ 10ರಂದು ಹ್ಯಾರಿಸನ್ ತಾಲೀಮಿನ ನಡುವೆಯೇ ಎದ್ದು ನಡೆದರು, ಕೆಲವು ದಿನಗಳ ಮೇಲೆ ಮರಳಿದರು. ಅದೇ ವರ್ಷ ಹೊಸ ಮ್ಯಾನೇಜರ್ ಯಾರಾಗಬೇಕೆಂಬ ಪ್ರಶ್ನೆ ಎದ್ದಿತು. ಮೂವರು ನ್ಯೂಯಾರ್ಕಿನ ಆಲನ್ ಕ್ಲೈನ್ ಕಡೆ ನಿಂತರೆ, ಮೆಕಾರ್ಟ್ನಿ ತಮ್ಮ ಹೆಂಡತಿಯ ತವರಿನವರಾದ ಈಸ್ಟ್‌ಮನ್ ವಕೀಲರ ಕಡೆ ನಿಂತರು. ಸೆಪ್ಟೆಂಬರ್ 20ರಂದು ಲೆನನ್ ತಾವು ತಂಡ ಬಿಡುವುದಾಗಿ ಜೊತೆಗಾರರಿಗೆ ಹೇಳಿದರು. ಆ ಮಾತನ್ನು ಹೊರಗೆ ಬಿಡಲಿಲ್ಲ. ಏಳು ತಿಂಗಳಾಗುವ ಹೊತ್ತಿಗೆ, 1970ರ ಏಪ್ರಿಲ್‌ನಲ್ಲಿ, ಮೆಕಾರ್ಟ್ನಿ ತಮ್ಮ ಮೊದಲ ಸ್ವಂತ ಆಲ್ಬಮ್‌ನ ಜೊತೆ ಪತ್ರಿಕೆಗಳಿಗೆ ಕೊಟ್ಟ ಪ್ರಶ್ನೋತ್ತರದಲ್ಲಿ, ಲೆನನ್ ಜೊತೆ ಮತ್ತೆ ಹಾಡು ಕಟ್ಟುವ ಯೋಚನೆ ಇಲ್ಲವೆಂದರು. ಏಪ್ರಿಲ್ 10ರ ಪತ್ರಿಕೆಗಳು ಪಾಲ್ ತಂಡ ತೊರೆದರೆಂದು ಸಾರಿದವು.

ಮೊದಲು ಹೊರಟವರು ಒಬ್ಬರು, ತಂಡ ಮುರಿದವರೆಂಬ ಹೆಸರು ಹೊತ್ತವರು ಇನ್ನೊಬ್ಬರು. ಇದನ್ನು ಪತ್ರಿಕೆಗಳ ಅವಸರವೆಂದು ತಳ್ಳಿಹಾಕುವಂತಿಲ್ಲ. ಹಲವರು ಕೂಡಿ ಕಟ್ಟಿದ್ದು ಹಲವು ಕಾರಣಗಳಿಂದ ಕುಸಿದಾಗ ಅದರ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವೇ? ನೋವುಂಡವರ ಮುನಿಸಿಗೆ ಯಾವ ಮಟ್ಟಿಗೆ ಸಮರ್ಥನೆಯಿದೆ? ಆ ಮುನಿಸು ಬೀದಿಗೆ ಬಂದಾಗ, ಅದರಲ್ಲಿ ಪಾಲು ಕೇಳುವ ಹಕ್ಕು ಹೊರಗಿನವರಿಗೆ ಎಲ್ಲಿಂದ ಬರುತ್ತದೆ? ಧರ್ಮಚಿಂತನೆ ಈ ಪ್ರಶ್ನೆಗಳನ್ನು ರಾಕ್ ಸಂಗೀತ ಹುಟ್ಟುವ ಎಷ್ಟೋ ಮುಂಚೆ ಕೇಳಿಕೊಂಡಿದೆ.

ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ 1726ರಲ್ಲಿ ಪ್ರಕಟಿಸಿದ ಹದಿನೈದು ಧರ್ಮೋಪದೇಶಗಳಲ್ಲಿ ಎರಡು ಈ ವಿಷಯಕ್ಕೇ ಮೀಸಲು. ಪ್ರೀತಿಮಯನಾದ ದೇವರು ಮನುಷ್ಯನಲ್ಲಿ ಸಿಟ್ಟನ್ನೇಕೆ ಇಟ್ಟ ಎಂಬುದು ಅವರ ಪ್ರಶ್ನೆ. ಕಲ್ಲೆಡವಿದಾಗ ಥಟ್ಟನೆ ಉಕ್ಕುವ ಸಿಟ್ಟು ಒಂದು ಬಗೆ, ಅದು ಪ್ರಾಣಿಗಳಿಗೂ ಇದೆ. ಯೋಚಿಸಿದ ಮೇಲೂ ಉಳಿಯುವ ಮುನಿಸು ಬೇರೆಯದು. ಅದು ನಷ್ಟಕ್ಕೆ ಹುಟ್ಟುವುದಿಲ್ಲ, ಅನ್ಯಾಯಕ್ಕೆ ಹುಟ್ಟುತ್ತದೆ. ಬಿರುಗಾಳಿಗೆ ಬೆಳೆ ಹಾಳಾದರೆ ದುಃಖವಾಗುತ್ತದೆ, ನಂಬಿದವನು ಬೇಕೆಂದೇ ಹಾಳುಗೆಡವಿದರೆ ಮುನಿಸು ಬರುತ್ತದೆ. ಈ ಮುನಿಸು ನ್ಯಾಯಪ್ರಜ್ಞೆಯ ಕಾವಲುಗಾರನಾಗಿರುವುದರಿಂದ ಅದು ತನ್ನಷ್ಟಕ್ಕೆ ಪಾಪವಲ್ಲ ಎಂದು ಬಟ್ಲರ್ ತೀರ್ಮಾನಿಸುತ್ತಾರೆ. ಆದದ್ದಕ್ಕಿಂತ ದೊಡ್ಡ ಅನ್ಯಾಯವನ್ನು ಕಲ್ಪಿಸಿಕೊಳ್ಳುವುದು, ಎದುರಿನವನ ಬೇರೆಲ್ಲ ಗುಣಗಳಿಗೆ ಕುರುಡಾಗುವುದು, ಅವನ ಕೇಡನ್ನೇ ಬಯಸುವುದು ಇವು ಅದರ ದುರುಪಯೋಗ. ಕ್ಷಮೆಯೆಂದರೆ ಮುನಿಸನ್ನು ಬೇರುಸಹಿತ ಕೀಳುವುದಲ್ಲ, ಅದು ಈ ಗಡಿ ದಾಟದಂತೆ ತಡೆಯುವುದು. ಶತ್ರುವನ್ನು ಪ್ರೀತಿಸೆಂಬ ಕ್ರೈಸ್ತ ಆಜ್ಞೆಯನ್ನು ಸಾಮಾನ್ಯ ಮನುಷ್ಯನ ಕೈಗೆಟುಕುವಂತೆ ಮಾಡುವ ಈ ವಿವರಣೆಗಿಂತ ಪ್ರಾಮಾಣಿಕವಾದದ್ದು ಸಿಗುವುದು ಕಷ್ಟ.

ತತ್ವಜ್ಞಾನಿ ಪೀಟರ್ ಸ್ಟ್ರಾಸನ್ 1962ರಲ್ಲಿ ಇದಕ್ಕೆ ಇನ್ನೊಂದು ಮಗ್ಗುಲು ಸೇರಿಸಿದರು. ಅವರ ದೃಷ್ಟಿಯಲ್ಲಿ ಮುನಿಸು ಸಂಬಂಧದ ಕುರುಹು. ಎದುರಿನವನಿಂದ ಒಂದಿಷ್ಟು ಸದ್ಭಾವವನ್ನು ನಿರೀಕ್ಷಿಸಿದ್ದರೆ ಮಾತ್ರ ಅದು ಸಿಗದಾಗ ಮುನಿಸು ಬರುತ್ತದೆ. ಅಪರಿಚಿತ ಸಂಗೀತಗಾರನೊಬ್ಬ ಲೆನನ್ ಅವರನ್ನು ಟೀಕಿಸಿದ್ದರೆ ಅವರು ಒಂದು ಹಾಡಿನಷ್ಟು ಸಿಟ್ಟನ್ನು ಅದಕ್ಕೆ ಖರ್ಚು ಮಾಡುತ್ತಿರಲಿಲ್ಲ. ಹದಿಹರೆಯದಲ್ಲಿ ಎದುರುಬದುರು ಕುಳಿತು ಗಿಟಾರ್ ಹಿಡಿದು ಹಾಡು ಕಟ್ಟಿದವರ ನಡುವೆ ಅಂಥ ಉದಾಸೀನ ಸಾಧ್ಯವಿಲ್ಲ. ಹಾಗೆ ನೋಡಿದರೆ ತಂಡ ಒಡೆದ ಮೇಲಿನ ಕಹಿ ಆ ಸ್ನೇಹದ ಆಳವನ್ನೇ ತೋರಿಸುತ್ತದೆ.

ಮುನಿಸು ನ್ಯಾಯವಾಗಿದ್ದೂ ಅದನ್ನು ತೀರಿಸಿಕೊಳ್ಳುವ ದಾರಿ ಹೊಸ ಗಾಯ ಮಾಡಬಹುದು ಎಂಬುದಕ್ಕೆ ಮೆಕಾರ್ಟ್ನಿ ಹೂಡಿದ ಮೊಕದ್ದಮೆಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಅವರ ಆಕ್ಷೇಪವಿದ್ದದ್ದು ಕ್ಲೈನ್ ಮೇಲೆ. ಆದರೆ ನಾಲ್ವರನ್ನು ಕಟ್ಟಿಹಾಕಿದ್ದ 1967ರ ಪಾಲುದಾರಿಕೆ ಪತ್ರದಲ್ಲಿ ಕ್ಲೈನ್ ಪಾಲುದಾರರಲ್ಲ. ಅದರಿಂದ ಬಿಡಿಸಿಕೊಳ್ಳಬೇಕಾದರೆ ಉಳಿದ ಮೂವರ ಮೇಲೆಯೇ ದಾವೆ ಹೂಡಬೇಕಿತ್ತು. 1970ರ ಡಿಸೆಂಬರ್ 31ರಂದು ಲಂಡನ್ನಿನ ಹೈಕೋರ್ಟಿನಲ್ಲಿ ಅವರು ಅದನ್ನೇ ಮಾಡಿದರು. 1971ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಸ್ಟ್ಯಾಂಪ್ ತಂಡದ ಹಣಕಾಸಿಗೆ ರಿಸೀವರ್ ನೇಮಿಸಿದರು. ಕಾನೂನಿನಲ್ಲಿ ಮೆಕಾರ್ಟ್ನಿ ಗೆದ್ದರು, ಸಂಬಂಧದಲ್ಲಿ ಎಲ್ಲರೂ ಸೋತರು. 1973ರಲ್ಲಿ ಉಳಿದ ಮೂವರೂ ಕ್ಲೈನ್ ಅವರಿಂದ ದೂರವಾಗಿ ಅವರ ವಿರುದ್ಧವೇ ಕೋರ್ಟಿಗೆ ಹೋದರು. ಪಾಲ್ ಅನುಮಾನಪಟ್ಟದ್ದು ಸರಿಯಿದ್ದೀತು ಎಂದು ಲೆನನ್ ಸಹ ಒಪ್ಪಿದರು. ಅಷ್ಟಾದರೂ ಗೆಳೆಯರನ್ನು ಕಟಕಟೆಗೆ ಎಳೆದ ನೋವು ಅಳಿಯಲಿಲ್ಲ. ಯಾರ ಲೆಕ್ಕ ಸರಿ ಎನ್ನುವುದೂ ಯಾರಿಗೆ ಯಾರು ನೋವು ಕೊಟ್ಟರು ಎನ್ನುವುದೂ ಬೇರೆ ಬೇರೆ. ನ್ಯಾಯಾಲಯಕ್ಕೆ ಮೊದಲನೆಯದನ್ನು ತೀರ್ಮಾನಿಸಲು ಬರುತ್ತದೆ, ಎರಡನೆಯದು ಅದರ ವ್ಯಾಪ್ತಿಗೆ ಬರುವುದೇ ಇಲ್ಲ.

ಕೋರ್ಟಿನಲ್ಲಿ ಹೇಳಲಾಗದ್ದು ಪತ್ರಿಕೆಗಳಲ್ಲಿ, ಹಾಡುಗಳಲ್ಲಿ ಹೊರಬಂತು. 1970ರ ಡಿಸೆಂಬರ್‌ನಲ್ಲಿ ಲೆನನ್ 'ರೋಲಿಂಗ್ ಸ್ಟೋನ್' ಪತ್ರಿಕೆಯ ಯಾನ್ ವೆನ್ನರ್ ಅವರಿಗೆ ಕೊಟ್ಟ ಸುದೀರ್ಘ ಸಂದರ್ಶನ ಯಾರನ್ನೂ ಬಿಡಲಿಲ್ಲ. 1971ರ ಮೇ ತಿಂಗಳಲ್ಲಿ ಬಂದ ಮೆಕಾರ್ಟ್ನಿಯವರ 'ರಾಮ್' ಆಲ್ಬಮ್‌ನಲ್ಲಿ ಲೆನನ್ ದಂಪತಿಯನ್ನು ಚುಚ್ಚುವ ಸಾಲುಗಳಿದ್ದವು. ಅವರೇ ಅದನ್ನು ಮುಂದೆ ಒಪ್ಪಿಕೊಂಡರು. ನಾಲ್ಕು ತಿಂಗಳಲ್ಲಿ ಲೆನನ್ ಅವರ 'ಇಮ್ಯಾಜಿನ್' ಬಂತು. ಶಾಂತಿಯ ಕನಸು ಕಾಣುವ ಹಾಡಿನಿಂದ ಶುರುವಾಗುವ ಆ ಆಲ್ಬಮ್‌ನಲ್ಲೇ ಮೆಕಾರ್ಟ್ನಿಯವರ ಪ್ರತಿಭೆಯನ್ನೂ ಬದುಕನ್ನೂ ಹೆಸರಿಲ್ಲದೆ ಹಂಗಿಸುವ 'ಹೌ ಡೂ ಯು ಸ್ಲೀಪ್?' ಎಂಬ ಹಾಡೂ ಇದೆ. ಅದಕ್ಕೆ ಸ್ಲೈಡ್ ಗಿಟಾರ್ ನುಡಿಸಿದವರು ಹ್ಯಾರಿಸನ್. ನಂತರದ ವರ್ಷಗಳಲ್ಲಿ ಲೆನನ್, ಅಲ್ಲಿ ತಿವಿದದ್ದು ನಿಜವಾಗಿ ತಮ್ಮನ್ನೇ ಎಂಬರ್ಥದಲ್ಲಿ ಮಾತನಾಡಿದರು. ಆದರೆ ಹಾಡನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ.

ಸಿಟ್ಟು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನೇ ಅದರ ಅಳತೆಯಾಗಿ ತೆಗೆದುಕೊಂಡದ್ದು ಜೈನ ಚಿಂತನೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು, ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು, 'ಗೊಮ್ಮಟಸಾರ'ದಲ್ಲಿ ಕ್ರೋಧದ ನಾಲ್ಕು ಮಟ್ಟಗಳನ್ನು ಕಲ್ಲಿನ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ ಎಂದು ಹೋಲಿಸುತ್ತಾರೆ. ನೀರಿನದು ಎಳೆದ ಕ್ಷಣವೇ ಕೂಡುತ್ತದೆ, ಕಲ್ಲಿನದು ಜನ್ಮಾಂತರಕ್ಕೂ ಬೆನ್ನು ಹತ್ತುತ್ತದೆ. ಈ ವಿಂಗಡಣೆಯಲ್ಲಿ ಸಿಟ್ಟಿನ ಕಾರಣ ನ್ಯಾಯವೋ ಅನ್ಯಾಯವೋ ಎಂಬ ವಿಚಾರಣೆಯೇ ಇಲ್ಲ. ಬಟ್ಲರ್ ಕಾರಣವನ್ನು ತೂಗಿದರು, ಜೈನ ಆಚಾರ್ಯರು ಸಿಟ್ಟನ್ನು ಹೊತ್ತವನಿಗೆ ಅಂಟುವ ಕರ್ಮವನ್ನು ತೂಗಿದರು. ಖಾಸಗಿ ಮಾತಿನಲ್ಲಿ ಮುಗಿಯಬಹುದಾಗಿದ್ದ ಮುನಿಸು ಸಾರ್ವಜನಿಕ ದೂರಾದಾಗ ಆಗುವುದು ಇದೇ. ಆಡಿದವನ ಮನಸ್ಸು ಧೂಳಿನ ಗೆರೆಯಷ್ಟರಲ್ಲಿ ತಿಳಿಯಾದರೂ ಆಡಿದ ಮಾತು ಕಲ್ಲಿನ ಮೇಲೆ ಉಳಿದುಬಿಡುತ್ತದೆ. ಲೆನನ್ ಮತ್ತು ಮೆಕಾರ್ಟ್ನಿ 1974ರ ಹೊತ್ತಿಗೆ ಮತ್ತೆ ಭೇಟಿಯಾಗಿ, ಲಾಸ್ ಏಂಜಲಿಸ್ ಬಳಿಯ ಸ್ಟುಡಿಯೋ ಒಂದರಲ್ಲಿ ಒಟ್ಟಿಗೆ ನುಡಿಸಿಯೂ ಇದ್ದರು. ಅಭಿಮಾನಿಗಳು ಆಗಲೂ 1971ರ ಹಾಡುಗಳನ್ನೇ ಹಿಡಿದು ಪಕ್ಷ ವಹಿಸುತ್ತಿದ್ದರು.

ಹ್ಯಾರಿಸನ್ ಅವರ ಸ್ಥಿತಿ ಇವರಿಬ್ಬರದಕ್ಕಿಂತ ಸೂಕ್ಷ್ಮವಾದದ್ದು. 1968ರ ಆರಂಭದಲ್ಲಿ ತಂಡ ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದು ಹೋದ ಮೇಲೆ ಭಾರತದ ಅಧ್ಯಾತ್ಮವನ್ನು ಬದುಕಿನುದ್ದಕ್ಕೂ ಬಿಡದೆ ಹಿಡಿದವರು ಅವರು. ತಂಡ ಒಡೆಯುವ ಮುನ್ನ, 1970ರ ಜನವರಿ 3ರಂದು ಲೆನನ್ ಗೈರಿನಲ್ಲಿ ಮೂವರು ಧ್ವನಿಮುದ್ರಿಸಿದ 'ಐ ಮಿ ಮೈನ್' ಅಹಂಕಾರ ಮಮಕಾರಗಳ ಮೇಲೆ ಅವರು ಬರೆದ ಹಾಡು. ಅದನ್ನು ಬರೆದವರೇ, ತಾಲೀಮಿನಿಂದ ಎದ್ದು ನಡೆದ ದಿನದ ಸಿಟ್ಟನ್ನು 'ವಾ-ವಾ' ಎಂಬ ಹಾಡಾಗಿಸಿದರು. ಮೊಕದ್ದಮೆಯ ಕಹಿಯನ್ನು 1973ರಲ್ಲಿ ಹೊರಬಂದ ಮತ್ತೊಂದು ಹಾಡಾಗಿಸಿದರು. ಇದನ್ನು ಬೂಟಾಟಿಕೆ ಎನ್ನುವುದು ತಪ್ಪು. 'ನಾನು', 'ನನ್ನದು' ಎಂಬುದೇ ಬಂಧನವೆಂದು ಬುದ್ಧಿಗೆ ತಿಳಿದ ಮಾತ್ರಕ್ಕೆ ಮನಸ್ಸು ಅದನ್ನು ಬಿಡುವುದಿಲ್ಲ. ವಿಷಯಗಳ ಧ್ಯಾನದಿಂದ ಸಂಗ, ಅದರಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಮ್ಮೋಹ, ಅದರಿಂದ ಸ್ಮೃತಿಯ ಭ್ರಂಶ ಎಂದು ಗೀತೆಯ ಎರಡನೆಯ ಅಧ್ಯಾಯ ಜಾರುದಾರಿಯೊಂದನ್ನು ತೋರಿಸುತ್ತದೆ. ಶಂಕರರು ಅಲ್ಲಿ ಸ್ಮೃತಿಯೆಂದರೆ ಶಾಸ್ತ್ರ ಮತ್ತು ಆಚಾರ್ಯರ ಉಪದೇಶದ ಸಂಸ್ಕಾರದಿಂದ ಹುಟ್ಟುವ ನೆನಪೆಂದು ಅರ್ಥೈಸುತ್ತಾರೆ. ಕಲಿತದ್ದು ಬೇಕಾದ ಗಳಿಗೆಯಲ್ಲಿ ನೆನಪಿಗೆ ಬಾರದಿರುವುದು ಕ್ರೋಧ ಮಾಡುವ ಹಾನಿ. ಹ್ಯಾರಿಸನ್ ಅವರ ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಈ ಹಾನಿಯ ಅರಿವಿದ್ದವರ ಹೋರಾಟವೇ ಕೇಳಿಸುತ್ತದೆ.

ನಾಲ್ವರ ನಡುವಿನ ಮುನಿಸಿಗೆ ಇಷ್ಟಾದರೂ ಆಧಾರವಿತ್ತು. ಅಭಿಮಾನಿಗಳ ಮುನಿಸಿನ ಕಥೆ ಬೇರೆ. 1969ರ ಮಾರ್ಚ್‌ನಲ್ಲಿ ಲೆನನ್ ಅವರನ್ನು ಮದುವೆಯಾದ ಜಪಾನಿ ಕಲಾವಿದೆ ಯೋಕೊ ಓನೊ ತಂಡವನ್ನು ಒಡೆದರೆಂಬ ಮಾತು ಅರ್ಧ ಶತಮಾನ ಓಡಾಡಿತು. ಧ್ವನಿಮುದ್ರಣದ ಕೋಣೆಯಲ್ಲಿ ಅವರು ಲೆನನ್ ಪಕ್ಕದಲ್ಲಿ ಕೂರುತ್ತಿದ್ದದ್ದು ಉಳಿದವರಿಗೆ ಮುಜುಗರ ತಂದದ್ದು ನಿಜ. ಆದರೆ ಎಪ್‌ಸ್ಟೈನ್ ಸಾವಿಗೂ, ಮ್ಯಾನೇಜರ್ ಜಗಳಕ್ಕೂ, ತಮ್ಮ ಹಾಡುಗಳಿಗೆ ಜಾಗ ಸಿಗದ ಹ್ಯಾರಿಸನ್ ಅವರ ಅಸಮಾಧಾನಕ್ಕೂ ಅವರು ಕಾರಣರಲ್ಲ. ಬಟ್ಲರ್ ಮಾಡಿದ ವಿಂಗಡಣೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಅಭಿಮಾನಿಗಳಿಗೆ ನಷ್ಟವಾಯಿತು, ಅನ್ಯಾಯವಾಗಲಿಲ್ಲ. ಮುಂದೆಯೂ ಹಾಡು ಕೊಡುತ್ತೇವೆಂದು ತಂಡ ಅವರಿಗೆ ಮಾತು ಕೊಟ್ಟಿರಲಿಲ್ಲ, ಓನೊ ಅವರಂತೂ ಯಾವ ಮಾತಿಗೂ ಬದ್ಧರಾಗಿರಲಿಲ್ಲ. ದುಃಖಪಡುವ ಹಕ್ಕು ಕೇಳುಗನಿಗಿದೆ, ದೂರುವ ಹಕ್ಕಿಲ್ಲ. ಈ ಎರಡನ್ನೂ ಒಂದಾಗಿಸಿಕೊಂಡಾಗ ದುಃಖಕ್ಕೆ ಒಂದು ಮುಖ ಬೇಕಾಗುತ್ತದೆ. ಆ ಮುಖ ವಿದೇಶಿಯದು, ಹೆಣ್ಣಿನದು, ಗಂಡನಿಗಿಂತ ಏಳು ವರ್ಷ ಹಿರಿಯಳದು, ಯುದ್ಧ ಮುಗಿದು ಇನ್ನೂ ಇಪ್ಪತ್ತೈದು ವರ್ಷವಾಗದಿದ್ದ ಕಾಲದಲ್ಲಿ ಜಪಾನಿನದು. ಅವರ ಮೇಲೆ ಸುರಿದ ಬೈಗುಳದಲ್ಲಿ ಸಂಗೀತದ ಪ್ರೀತಿ ಎಷ್ಟಿತ್ತೋ ಜನಾಂಗದ ದ್ವೇಷವೂ ಅಷ್ಟೇ ಇತ್ತು. ಇದನ್ನು ಅಭಿಮಾನವೆಂದು ಕ್ಷಮಿಸಿಬಿಡುವಂತಿಲ್ಲ.

ತಂಡದವರೇ ಈ ದೂರನ್ನು ಒಪ್ಪಲಿಲ್ಲ. ಓನೊ ತಂಡವನ್ನು ಒಡೆಯಲಿಲ್ಲವೆಂದು ಮೆಕಾರ್ಟ್ನಿ 2012ರಲ್ಲಿ ಹೇಳಿದರು. ಒಡೆಯಲು ಮುಂದಾದವರು ಲೆನನ್, ತಾವಲ್ಲ ಎಂದು 2021ರಲ್ಲಿ ಹೇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ, 1969ರ ಜನವರಿಯ ಚಿತ್ರೀಕರಣದಿಂದ ಪೀಟರ್ ಜಾಕ್ಸನ್ ಕಟ್ಟಿದ ಸುಮಾರು ಎಂಟು ಗಂಟೆಗಳ 'ಗೆಟ್ ಬ್ಯಾಕ್' ಬಂತು. ಅದರಲ್ಲಿ ಓನೊ ಬಹುಪಾಲು ಸುಮ್ಮನೆ ಕುಳಿತು ತಮ್ಮ ಪಾಡಿಗೆ ಪತ್ರಿಕೆ ಓದುತ್ತಾರೆ, ಹೊಲಿಗೆ ಹಾಕುತ್ತಾರೆ. ಐವತ್ತು ವರ್ಷದ ಮೇಲೆ ಜನ ಯೋಕೊ ಆಂಪ್ಲಿಫೈಯರ್ ಮೇಲೆ ಕೂತದ್ದಕ್ಕೆ ತಂಡ ಒಡೆಯಿತು ಎಂದಾರು ಎಂದು ಮೆಕಾರ್ಟ್ನಿ ಅದರಲ್ಲೇ ನಗುತ್ತಾರೆ.

ಕ್ಷಮೆ ಎಂಬುದು ನೊಂದವರಿಗೂ ನೋಯಿಸಿದವರಿಗೂ ಸೇರಿದ್ದು, ಬೇರೆಯವರು ಅವರ ಪರವಾಗಿ ಕೊಡಲಾರರು. ಪಾಲುದಾರಿಕೆ 1975ರ ಜನವರಿಯಲ್ಲಿ ಕಾನೂನಿನ ಪ್ರಕಾರ ಮುಗಿಯಿತು. ಲೆನನ್ 1980ರ ಡಿಸೆಂಬರ್ 8ರಂದು ಕೊಲೆಯಾದಾಗ ಅವರ ಪಾಲಿನ ಮಾತೂ ನಿಂತಿತು. ಆಮೇಲೂ ವ್ಯಾಜ್ಯಗಳು ಉಳಿದವು. 1988ರಲ್ಲಿ ತಂಡಕ್ಕೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ಮೆಕಾರ್ಟ್ನಿ ವ್ಯವಹಾರದ ತಕರಾರಿನ ಕಾರಣ ಕೊಟ್ಟು ಸಮಾರಂಭಕ್ಕೆ ಬರಲಿಲ್ಲ. ಆದರೆ 1994ರ ಜನವರಿಯಲ್ಲಿ ಲೆನನ್ ಅವರೊಬ್ಬರಿಗೆ ಅದೇ ಗೌರವ ಸಂದಾಗ ಅವರ ಬಗ್ಗೆ ಮಾತನಾಡಿದವರು ಮೆಕಾರ್ಟ್ನಿ. ಆ ಸುಮಾರಿಗೇ ಓನೊ ಗಂಡನ ದನಿಯಿದ್ದ ಹಳೆಯ ಕ್ಯಾಸೆಟ್ಟುಗಳನ್ನು ಅವರ ಕೈಗಿತ್ತರು. ಆ ದನಿಗೆ ಉಳಿದ ಮೂವರು ತಮ್ಮ ದನಿ ಕೂಡಿಸಿದ ಹಾಡುಗಳು 1995 ಮತ್ತು 1996ರಲ್ಲಿ ಬಂದವು. ಹ್ಯಾರಿಸನ್ 2001ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ, ಅವರ ಹಳೆಯ ಗಿಟಾರನ್ನೂ ಸೇರಿಸಿಕೊಂಡು ಮತ್ತೊಂದು ಬಂತು. ಯಾರು ಮೊದಲು ಬಿಟ್ಟರು, ಯಾರ ತಪ್ಪು ಹೆಚ್ಚು ಎಂಬ ಬಗ್ಗೆ ಒಮ್ಮತಕ್ಕೆ ಬರದೆಯೇ ಅವರು ಮತ್ತೆ ಒಟ್ಟಿಗೆ ಕೆಲಸ ಮಾಡಿದರು. ಕ್ಷಮೆಗೆ ಗತದ ಬಗ್ಗೆ ಒಮ್ಮತ ಅಗತ್ಯವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗುಂಪಿನ ದೂರಿಗೆ ಈ ದಾರಿಯೂ ಇಲ್ಲ. ಅದನ್ನು ಆಡಿದವರು ಲಕ್ಷಾಂತರ ಮಂದಿ, ಹೊಣೆ ಹೊತ್ತವರು ಒಬ್ಬರೂ ಇಲ್ಲ. ಓನೊ ಕ್ಷಮಿಸಬೇಕೆಂದರೂ ಎದುರಿಗೆ ನಿಂತು ಕೇಳುವ ವ್ಯಕ್ತಿಯೇ ಇಲ್ಲ. ಅಂಥ ದೂರು ಒಬ್ಬೊಬ್ಬ ಕೇಳುಗನ ಮನಸ್ಸಿನಲ್ಲಿ ಬೇರೆ ಬೇರೆಯಾಗಿಯೇ ಸಡಿಲವಾಗಬೇಕು. 2021ರ ಚಿತ್ರ ನೋಡಿದ ಅನೇಕರು ತಾವು ಇಷ್ಟು ವರ್ಷ ನಂಬಿದ್ದು ಸುಳ್ಳೆಂದು ಬಹಿರಂಗವಾಗಿ ಹೇಳಿಕೊಂಡರು. ಆ ಹೊತ್ತಿಗೆ ಓನೊ ಅವರಿಗೆ 88 ವರ್ಷ.