ಬಂದ ದುಡ್ಡು, ಉಳಿದ ಫೀಸು

2024ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ ₹25 ಕೋಟಿ ಪಾಂಡವಪುರದವರೊಬ್ಬರಿಗೆ ಹೊಡೆಯಿತು. ಕರ್ನಾಟಕದಲ್ಲಿ ಲಾಟರಿ ಮಾರಾಟ ನಿಂತದ್ದು 2007ರಲ್ಲಿ. ಹಾಗಾಗಿ ನಮ್ಮ ಕಡೆಯ ಎಳೆಯರಿಗೆ ಇಂಥ ಸುದ್ದಿಯೇ ಹೊಸದು. ಅಂಥ ಮೊತ್ತ ನೀತಿಯ ಪ್ರಶ್ನೆಯನ್ನು ಎಬ್ಬಿಸುವುದೇ ಇಲ್ಲ. ಅಷ್ಟು ದುಡ್ಡು ಬಂದ ಮನೆಯ ಮಗು ಯಾರದೋ ನೆರವಿನಲ್ಲಿ ಓದುತ್ತಿದ್ದರೆ ಮಾರನೆಯ ದಿನವೇ ಆ ನೆರವನ್ನು ಬಿಟ್ಟುಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಹುಟ್ಟುವುದು ನಾಲ್ಕು ಲಕ್ಷ, ಎರಡು ಲಕ್ಷ, ಎಂಬತ್ತು ಸಾವಿರ ಬಂದಾಗ. ಬದುಕನ್ನೇ ಬದಲಿಸುವಷ್ಟು ದೊಡ್ಡ ಮೊತ್ತವಲ್ಲ, ಯಾರಿಗೂ ಹೇಳದೆ ಜೇಬಿಗಿಳಿಸುವಷ್ಟು ಚಿಕ್ಕದೂ ಅಲ್ಲ.

ಕೆ.ಆರ್.ಪೇಟೆ ತಾಲ್ಲೂಕಿನ ಬೂಕನಕೆರೆಯಂಥ ಊರಿಗೆ ಇಂಥ ದುಡ್ಡು ಬರುವ ದಾರಿಗಳು ಹಲವು. ರಸ್ತೆಗೋ ನಾಲೆಗೋ ಹೋದ ಐದಾರು ಗುಂಟೆಯ ಪರಿಹಾರ, ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಬಂದವಳ ಪಿಎಫ್, ತೀರಿಕೊಂಡ ಅಜ್ಜ ಯಾರಿಗೂ ಹೇಳದೆ ಸೊಸೈಟಿಯಲ್ಲಿ ಇಟ್ಟಿದ್ದ ಠೇವಣಿ. ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂದೂವರೆ ಎಕರೆ ಜಮೀನು, ಅದರಲ್ಲಿ ಕಬ್ಬು ಮತ್ತು ರಾಗಿ. ಎರಡು ಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಮಗಳು ಕೆ.ಆರ್.ಪೇಟೆಯ ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ವರ್ಷದ ಫೀಸು ₹36,000. ಹುಡುಗಿಯ ಓದನ್ನೂ ಮನೆಯ ಸ್ಥಿತಿಯನ್ನೂ ನೋಡಿ ಶಾಲೆಯ ಟ್ರಸ್ಟು ಅದರಲ್ಲಿ ಅರ್ಧವನ್ನು ತನ್ನ ನಿಧಿಯಿಂದ ಭರಿಸುತ್ತಿದೆ. ಹೀಗಿರುವಾಗ ಒಂದು ಡಿಸೆಂಬರಿನಲ್ಲಿ, ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಬಲದಿಂದ, ತಾಯಿಯ ತವರಿನ ಆಸ್ತಿ ಭಾಗವಾಗಿ ಅವಳ ಖಾತೆಗೆ ₹4 ಲಕ್ಷ ಬೀಳುತ್ತದೆ. ಅವಳು ಆಸೆಯನ್ನೇ ಬಿಟ್ಟಿದ್ದ ದುಡ್ಡು.

ಆ ರಾತ್ರಿ ಆ ಮನೆಯಲ್ಲಿ ನಡೆಯುವ ಲೆಕ್ಕ ಹೀಗಿರುತ್ತದೆ. ಸೊಸೈಟಿಯಲ್ಲಿ ಅಡವಿಟ್ಟ ಸರ ಬಿಡಿಸಲು 70 ಸಾವಿರ. ಬೋರ್‌ವೆಲ್ ಕೊರೆಸಿದಾಗ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದ ಕೈಸಾಲ, ಅಸಲು ಬಡ್ಡಿ ಸೇರಿ ಒಂದೂವರೆ ಲಕ್ಷ. ಸ್ತ್ರೀಶಕ್ತಿ ಸಂಘದ್ದು 50 ಸಾವಿರ. ಸೋರುವ ಮಾಡಿಗೆ ಹೊಸ ಹೆಂಚು, ತೊಲೆ, ಕೂಲಿ ಎಲ್ಲ ಸೇರಿ 60 ಸಾವಿರ. ಉಳಿಯುವುದು 70 ಸಾವಿರ. ಟ್ರಸ್ಟು ಕೊಡುತ್ತಿರುವುದು ವರ್ಷಕ್ಕೆ 18 ಸಾವಿರ. ಈಗ ಆ ತಾಯಿ ಏನು ಮಾಡಬೇಕು?

ಸುಲಭದ ಉತ್ತರಗಳು ಎರಡಿವೆ. ದುಡ್ಡು ಬಂತಲ್ಲ, ನೆರವು ಬಿಟ್ಟುಬಿಡಿ ಎಂಬುದು ಒಂದು. ಯಾರು ಕೇಳಿದರು, ಸುಮ್ಮನಿರಿ ಎಂಬುದು ಇನ್ನೊಂದು. ಎರಡೂ ನನಗೆ ತಪ್ಪಾಗಿ ಕಾಣುತ್ತವೆ, ಏಕೆಂದರೆ ಎರಡೂ ಹೇಳುವುದನ್ನೂ ಬಿಡುವುದನ್ನೂ ಒಂದೇ ಎಂದುಕೊಂಡಿವೆ. ಹೇಳಿದರೆ ಬಿಡಲೇಬೇಕು ಎಂಬ ಭಯಕ್ಕೆ ಬಡವರು ಹೇಳುವುದಿಲ್ಲ. ಹೇಳಿದವರಿಂದ ಕಿತ್ತುಕೊಳ್ಳಬೇಕು ಎಂಬ ಅಭ್ಯಾಸಕ್ಕೆ ಕೊಡುವವರು ಬಿದ್ದಿದ್ದಾರೆ. ಹೇಳುವುದು ಯಾವಾಗಲೂ ಬೇಕು. ಬಿಡಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಲೆಕ್ಕವೇ ಇದೆ.

ಆ ಲೆಕ್ಕ ಶುರುವಾಗುವುದು ವರಮಾನವೆಂದರೆ ಏನು ಎಂಬಲ್ಲಿಂದ. ಹೋಬಳಿಯ ನಾಡಕಚೇರಿಯಲ್ಲಿ ಪಡೆಯುವ ಪ್ರಮಾಣಪತ್ರ ಕೇಳುವುದು ವಾರ್ಷಿಕ ವರಮಾನವನ್ನು, ಅಂದರೆ ವರ್ಷ ವರ್ಷವೂ ಮನೆಗೆ ಹರಿದುಬರುವುದನ್ನು. ಎಂಟನೇ ತರಗತಿಯ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ವರ್ಷಕ್ಕೆ ₹12,000. ಅದಕ್ಕೆ ಹೆತ್ತವರ ವಾರ್ಷಿಕ ವರಮಾನ ₹3.5 ಲಕ್ಷ ಮೀರಬಾರದು. ಒಮ್ಮೆ ಬಂದ ನಾಲ್ಕು ಲಕ್ಷ ಈ ಗೆರೆಯನ್ನು ದಾಟಿದಂತೆ ಕಂಡರೂ ಮುಂದಿನ ವರ್ಷ ಆ ಮನೆ ಮತ್ತೆ ಹಾಲಿನ ಬಟವಾಡೆ, ಕಬ್ಬಿನ ಬಿಲ್ಲುಗಳನ್ನೇ ನಂಬಬೇಕು. ಜಮೀನು ಹೋದದ್ದಕ್ಕೆ ಬಂದ ಪರಿಹಾರವಂತೂ ಇನ್ನೂ ಸ್ಪಷ್ಟ. 2013ರ ಭೂಸ್ವಾಧೀನ ಕಾಯ್ದೆ ಜಮೀನಿನ ಬೆಲೆಯ ಮೇಲೆ ಶೇ. 100ರಷ್ಟು ಸೋಲೇಷಿಯಂ (ಸಾಂತ್ವನದ ಹೆಚ್ಚುವರಿ ಮೊತ್ತ) ಕೊಡುತ್ತದೆ, ಅಂಥ ಪರಿಹಾರಕ್ಕೆ ತೆರಿಗೆಯನ್ನೂ ಬಿಟ್ಟಿದೆ. ಅಲ್ಲಿ ಮಣ್ಣು ಹೋಗಿ ನೋಟು ಬಂದಿದೆ, ಅಷ್ಟೇ. ಆ ಐದಾರು ಗುಂಟೆಯಲ್ಲಿ ಬೆಳೆಯುತ್ತಿದ್ದ ರಾಗಿ ಇನ್ನು ಬರುವುದಿಲ್ಲ. ಮನೆ ಶ್ರೀಮಂತವಾದಂತೆ ಹೊರಗಿನವರಿಗೆ ಕಾಣುವ ದಿನವೇ ಅದರ ವರಮಾನ ಕುಗ್ಗಿರುತ್ತದೆ.

ಕಬ್ಬಿನ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಮೋಸದ ನೋಟವೊಂದಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ತೆಗೆದುಕೊಂಡ 14 ದಿನಗಳಲ್ಲಿ ದುಡ್ಡು ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಿಸಬೇಕು. ಕಬ್ಬು ಬೆಳೆದವರಿಗೆ ಬಾಕಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ತಡೆದ ಬಿಲ್ಲು ಒಂದು ದಿನ ಒಟ್ಟಿಗೆ ಖಾತೆಗೆ ಬಿದ್ದಾಗ ಪಕ್ಕದ ಮನೆಯವರಿಗೆ ಅದು ಭಾಗ್ಯವಾಗಿ ಕಾಣುತ್ತದೆ. ಆ ಮನೆ ಅದನ್ನು ಆಗಲೇ ಸಾಲದ ರೂಪದಲ್ಲಿ ಖರ್ಚು ಮಾಡಿಬಿಟ್ಟಿರುತ್ತದೆ. ಹಳೆಯ ಹಳ್ಳ ತುಂಬಿದ ದುಡ್ಡನ್ನು ಹೊಸ ದಿಬ್ಬವೆಂದು ಎಣಿಸುವುದು ಅನ್ಯಾಯ. ನಮ್ಮ ತಾಯಿಯ ನಾಲ್ಕು ಲಕ್ಷದಲ್ಲಿ ಮೂರು ಲಕ್ಷ ಮೂವತ್ತು ಸಾವಿರ ಹೀಗೆ ಹಳ್ಳ ಸೇರಿತು. ಮಾತು ಉಳಿಯುವುದು 70 ಸಾವಿರದ ಬಗ್ಗೆ.

ಸರ್ಕಾರವೇ ತನ್ನ ಕೈಯಾರೆ ಇಂಥ ಗಂಟನ್ನು ಕಟ್ಟಿಟ್ಟ ಉದಾಹರಣೆ ಇದೆ, ಅದಕ್ಕೂ ಬೂಕನಕೆರೆಗೂ ನಂಟಿದೆ. ಈ ಊರಿನಲ್ಲಿ 1943ರಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹೊತ್ತಿದ್ದಾಗ 2006-07ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ಬಂತು. ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಠೇವಣಿ ಇಟ್ಟು ಬಾಂಡು ಕೊಡುತ್ತಿತ್ತು. ಮಗು ಎಂಟನೇ ತರಗತಿಯವರೆಗಾದರೂ ಓದಿರಬೇಕು, ದುಡಿಮೆಗೆ ಹೋಗಿರಬಾರದು, 18 ತುಂಬುವ ಮೊದಲು ಮದುವೆಯಾಗಿರಬಾರದು. ಮೊದಲ ವರ್ಷಗಳ ಬಾಂಡುಗಳ ಮೊತ್ತ ಚಿಕ್ಕದು. 2008ರಲ್ಲಿ ಠೇವಣಿ ಹೆಚ್ಚಿಸಿದ ಮೇಲಿನವು ಸುಮಾರು ₹1 ಲಕ್ಷದವು. 2024ರಿಂದ ಇವುಗಳ ಅವಧಿ ಒಂದೊಂದಾಗಿ ಮುಗಿಯುತ್ತಿದೆ. ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಹದಿನೆಂಟು ವರ್ಷ ಮಲಗಿದ್ದ ಕಾಗದ ದುಡ್ಡಾಗುವುದು ಸರಿಯಾಗಿ ಹುಡುಗಿ ಪಿಯು ಮುಗಿಸಿ ಡಿಗ್ರಿಗೆ ಸೇರುವ ಹೊತ್ತಿಗೆ, ವಿದ್ಯಾಸಿರಿಗೋ ಶುಲ್ಕ ವಿನಾಯಿತಿಗೋ ಅರ್ಜಿ ಹಾಕುವ ಹೊತ್ತಿಗೆ. ಆ ಗಂಟಿಗಾಗಿ ಫೀಸಿನ ನೆರವು ನಿಲ್ಲಿಸಿದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದಂತಾಗುತ್ತದೆ. ಇಡಿಗಂಟು ಫೀಸು ಕಟ್ಟಿ ಮುಗಿಸಲಿಕ್ಕೆ ಬಂದದ್ದಲ್ಲ, ಹುಡುಗಿಯ ಕಾಲ ಕೆಳಗೆ ನೆಲ ಹಾಸಲಿಕ್ಕೆ ಬಂದದ್ದು ಎಂಬ ತಿಳಿವಳಿಕೆ ಆ ಯೋಜನೆಯಲ್ಲೇ ಇದೆ.

ಈ ತಿಳಿವಳಿಕೆ ಇಲ್ಲದ ಕಾನೂನು ಹೇಗಿರುತ್ತದೆಂದು ನೋಡಬೇಕಾದರೆ ಅಮೆರಿಕದ ಎಸ್‌ಎಸ್‌ಐ ಎಂಬ ಯೋಜನೆಯನ್ನು ನೋಡಬಹುದು. ಬಡ ವೃದ್ಧರಿಗೆ, ಅಂಗವಿಕಲರಿಗೆ ತಿಂಗಳ ನೆರವು ಕೊಡುವ ಯೋಜನೆ ಅದು. ಒಂಟಿ ವ್ಯಕ್ತಿಯ ಕೈಯಲ್ಲಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಬಾರದು. ಈ ಮಿತಿ 1989ರಿಂದ ಕದಲಿಲ್ಲ. ಕಷ್ಟಕಾಲಕ್ಕೆಂದು ನಾಲ್ಕು ಕಾಸು ಕೂಡಿಟ್ಟರೆ ನೆರವು ಹೋಗುತ್ತದೆ. ಹಾಗಾಗಿ ನೆರವು ಪಡೆಯುವವರು ಕೂಡಿಡುವುದನ್ನೇ ಬಿಡಬೇಕಾಗುತ್ತದೆ. ನಮ್ಮ ತಾಯಿ ಉಳಿದ 70 ಸಾವಿರವನ್ನು ಅಂಚೆ ಕಚೇರಿಯಲ್ಲಿ ಇಟ್ಟರೆ, ಮುಂದೊಂದು ವರ್ಷ ಮಳೆ ಕೈಕೊಟ್ಟಾಗ ಮಗಳನ್ನು ಶಾಲೆ ಬಿಡಿಸುವ ಮಾತೇ ಬರುವುದಿಲ್ಲ. ಅದನ್ನು ಫೀಸಿಗೆ ಕಿತ್ತುಕೊಂಡರೆ ಮಳೆ ಕೈಕೊಟ್ಟ ವರ್ಷ ಅವಳು ಮತ್ತೆ ಕೈಸಾಲದವನ ಬಾಗಿಲಲ್ಲಿ ನಿಲ್ಲುತ್ತಾಳೆ.

ಹಾಗಾದರೆ ಯಾರೂ ಏನನ್ನೂ ಬಿಡಬೇಕಾಗಿಲ್ಲವೇ? ಬಿಡಬೇಕು. ಬಿಟ್ಟರೆ ಆ ಜಾಗಕ್ಕೆ ಇನ್ನೊಂದು ಮಗು ಬರುತ್ತದೆಯೇ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯಡಿ ಖಾಸಗಿ ಶಾಲೆಗೆ ಸೇರಿದ ಮಗುವನ್ನು ನೋಡಿ. ಅಲ್ಲಿ ಪ್ರವೇಶ ಎಲ್‌ಕೆಜಿ ಅಥವಾ ಒಂದನೇ ತರಗತಿಗೆ ಮಾತ್ರ. ಒಮ್ಮೆ ಸೇರಿದರೆ ಎಂಟನೇ ತರಗತಿಯವರೆಗೆ ಫೀಸು ಸರ್ಕಾರದ್ದು. ಆ ಮಗು ಐದನೇ ತರಗತಿಯಲ್ಲಿ ಸೀಟು ಬಿಟ್ಟರೆ ಇನ್ನೊಂದು ಬಡ ಮಗು ಅಲ್ಲಿಗೆ ಬರುವುದಿಲ್ಲ. ಬಿಟ್ಟದ್ದರಿಂದ ಯಾರಿಗೂ ಬಾಗಿಲು ತೆರೆಯದು, ಮಗುವಿನ ಗೆಳೆಯರು ಮಾತ್ರ ತಪ್ಪಿಹೋಗುತ್ತಾರೆ. ಮೇಲಾಗಿ ಅದು ಕಾಯ್ದೆ ಮಗುವಿಗೆ ಕೊಟ್ಟ ಹಕ್ಕು; ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲೂ ಹಾಗೆಯೇ. ಅದು ರೈತರ ಮಕ್ಕಳೆಂಬ ಕಾರಣಕ್ಕೆ ಬರುವುದು, ಮನೆಯಲ್ಲಿ ಎಷ್ಟಿದೆ ಎಂದು ಅಳೆದು ಕೊಡುವುದಲ್ಲ. ಟ್ರಸ್ಟಿನ ನಿಧಿಯ ಮಾತು ಬೇರೆ. ಅಲ್ಲಿ ಇರುವುದು ಇಷ್ಟೇ ದುಡ್ಡು, ಕಾದು ನಿಂತ ಮಕ್ಕಳು ಅದಕ್ಕಿಂತ ಹೆಚ್ಚು. ನಮ್ಮ ತಾಯಿ 18 ಸಾವಿರ ಬಿಟ್ಟರೆ ಆ 18 ಸಾವಿರ ಸೀದಾ ಇನ್ನೊಂದು ಮನೆಗೆ ಹೋಗುತ್ತದೆ, ಪ್ರಾಯಶಃ ಪಕ್ಕದ ಊರಿಗೆ. ಅವಳ ಋಣ ಇರುವುದು ಟ್ರಸ್ಟಿಗಿಂತ ಹೆಚ್ಚಾಗಿ ಆ ಮಗುವಿಗೆ.

ಇಂಥ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎತ್ತುವವರುಂಟು. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಅವಳ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಬಡವರು ಹೆಚ್ಚು ಬಂದದ್ದನ್ನು ಹಿಂದಿರುಗಿಸಬೇಕು ಎಂದು ಉಪದೇಶ ಮಾಡಲು ಈ ಕಥೆ ಬಹಳ ಅನುಕೂಲ. ಆದರೆ ಹಾಗೆ ಹೇಳಿದವಳು ಲಕ್ಕಮ್ಮ. ಬಸವಣ್ಣ ತನ್ನ ಅಂಗಳದಲ್ಲಿ ನಿಂತು ಮಾರಯ್ಯನ ಮಡಿಲು ಅಳೆಯಲಿಲ್ಲ. ನಾಳೆಯ ಅಕ್ಕಿ ನಾಳೆ ಸಿಗುತ್ತದೆಂಬ ನೆಚ್ಚಿಕೆ ಆ ದಂಪತಿಗಿತ್ತು, ಸಾಕು ಎಂಬುದರ ಅಳತೆ ಅವಳ ಕೈಯಲ್ಲಿತ್ತು. ನಾಳೆಯ ನೆಚ್ಚಿಕೆಯನ್ನೇ ಕೊಡದೆ ನಮ್ಮ ತಾಯಿಯಿಂದ ಲಕ್ಕಮ್ಮನ ಧೈರ್ಯ ಕೇಳುವುದು ಸರಿಯಲ್ಲ. ಅಳತೆ ಅವಳದೇ ಇರಲಿ ಎಂಬುದಷ್ಟೇ ಆ ಕಥೆಯಿಂದ ನಾನು ತೆಗೆದುಕೊಳ್ಳುವ ಪಾಠ.

ಊರ ಬಾಯಿಯ ಬಗ್ಗೆಯೂ ಹೇಳಬೇಕು. ಫೀಸಿಗೆ ಕೈ ಚಾಚುತ್ತಾರೆ, ಮನೆಗೆ ಮಾತ್ರ ಹೊಸ ಟಿವಿ ಬಂತು ಎನ್ನುವ ಮಾತು. ಉಳಿದ ದುಡ್ಡಿನಲ್ಲಿ ಆ ತಾಯಿ ಮಗಳಿಗೆ ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆ ತಂದರೆ ಅದನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಟ್ರಸ್ಟು ತುಂಬಿದ್ದು ಅರ್ಧ ಫೀಸನ್ನು; ಆ ಮನೆಯ ಸಂತೋಷದ ಮೇಲೆ ಅದು ಅಧಿಕಾರ ಕೊಂಡುಕೊಂಡಿಲ್ಲ. ನೆರವು ಪಡೆದ ಮನೆ ಸದಾ ಬಡವಾಗಿಯೇ ಕಾಣುತ್ತಿರಬೇಕೆಂದು ಬಯಸುವವರು ಮಗುವಿನ ಓದಿಗೆ ಕೊಡುತ್ತಿಲ್ಲ, ತಮ್ಮ ದೊಡ್ಡಸ್ತಿಕೆಗೆ ಕೊಡುತ್ತಿದ್ದಾರೆ. ಇದರ ಬಗ್ಗೆ ನನಗೆ ಸಿಟ್ಟಿದೆ.

ಹಿಂದೆ ಮೈಸೂರಿನಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನ ಮಾಡಿಕೊಂಡು ಓದುತ್ತಿದ್ದರು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಮಂಗಳವಾರ ಬೇರೆಲ್ಲೋ ಮದುವೆ ಊಟ ಸಿಗುವುದಿದ್ದರೆ ಮಂಗಳವಾರದ ಮನೆಗೆ ಹಿಂದಿನ ದಿನವೇ ಹೇಳುವುದು ಹುಡುಗನ ಮರ್ಯಾದೆ. ಹೇಳಿದನೆಂದು ಮುಂದಿನ ಮಂಗಳವಾರದ ಅನ್ನ ಕಡಿದುಹಾಕದಿರುವುದು ಮನೆಯವರ ಮರ್ಯಾದೆ. ಫೀಸಿನ ವಿಷಯದಲ್ಲೂ ಈ ಎರಡು ಮರ್ಯಾದೆಗಳು ಒಟ್ಟಿಗೇ ಇರಬೇಕು. ನಮ್ಮ ತಾಯಿ ಶಾಲೆಗೆ ಹೋಗಿ ಹೀಗೆ ಹೇಳಿದರೆ ಸಾಕು: “ಮೇಷ್ಟ್ರೇ, ತೌರಿಂದ ಒಂದಷ್ಟು ದುಡ್ ಬಂದದೆ. ಸಾಲಸೋಲ ತೀರುಸ್ಕತೀವಿ. ಈ ವರ್ಷ ಹೆಂಗಿದ್ಯೋ ಹಂಗೇ ಇರ್ಲಿ, ಬರೋ ವರ್ಷ ಮಗ್ಳು ಫೀಸ್ ನಾವೇ ಕಟ್ಟಕ್ ನೋಡ್ತೀವಿ. ಆಗ್ನಿಲ್ಲ ಅಂದ್ರೆ ಬಂದ್ ಹೇಳ್ತೀವಿ.” ಇದರಲ್ಲಿ ಎಲ್ಲವೂ ಇದೆ. ಬಡ್ಡಿ ಕಟ್ಟುವುದು ತಪ್ಪಿದ್ದರಿಂದ ಮುಂದಿನ ವರ್ಷ ಆ ಮನೆಯಲ್ಲಿ ನಿಜವಾಗಿಯೂ 18 ಸಾವಿರ ಉಳಿಯಬಹುದು. ಬಿಡುವ ಹೊತ್ತು ಅದು, ದುಡ್ಡು ಬಂದ ಡಿಸೆಂಬರ್ ಅಲ್ಲ.

ಬಿಟ್ಟದ್ದು, ಹಿಂದಿರುಗಿಸಿದ್ದು ಕೊಟ್ಟವರಿಗೇ, ಆ ವರ್ಷವೇ ಸಲ್ಲಬೇಕೆಂದೂ ಇಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಸೀಮೆಯವರಿಗೆ ವಿಶ್ವೇಶ್ವರಯ್ಯನವರ ಹೆಸರು ಹೇಳಬೇಕಾಗಿಲ್ಲ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಅವರು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಎಷ್ಟೋ ವರ್ಷಗಳ ಬಳಿಕ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಸಂಸ್ಥೆ ಜಯಚಾಮರಾಜೇಂದ್ರರ ಹೆಸರಿನಲ್ಲಿದೆ. ಓದುವಾಗಲೇ ಅವರಿಂದ ಆ ನೆರವನ್ನು ಪೈಸೆ ಪೈಸೆ ಲೆಕ್ಕಹಾಕಿ ವಸೂಲು ಮಾಡಿದ್ದರೆ ನಾಡಿಗೆ ಆಗುತ್ತಿದ್ದ ಲಾಭವೇನು?

ಇಷ್ಟು ಹೇಳಿದ ಮೇಲೆ ಹೆಚ್ಚಿನ ಹೊಣೆ ಕೊಡುವವರ ಮೇಲೆ ಬೀಳುತ್ತದೆ. ಫೀಸಿನ ನೆರವಿನ ಅರ್ಜಿಯಲ್ಲೇ ಎರಡು ಸಾಲು ಅಚ್ಚು ಹಾಕಿಸಬೇಕು: ಮನೆಗೆ ದುಡ್ಡು ಬಂದರೆ ಬಂದು ತಿಳಿಸಿ, ತಿಳಿಸಿದ ಕಾರಣಕ್ಕೆ ನಡೆಯುತ್ತಿರುವ ವರ್ಷದ ನೆರವು ನಿಲ್ಲುವುದಿಲ್ಲ. ಬಂದವರನ್ನು ಬಂದದ್ದೆಷ್ಟು ಎಂದು ಕೇಳುವ ಮೊದಲು ಸಾಲ ಎಷ್ಟು ತೀರಿತು ಎಂದು ಕೇಳಬೇಕು, ಅದೂ ಆಫೀಸಿನ ಕಿಟಕಿಯಲ್ಲಿ ಎಲ್ಲರೆದುರಿಗೆ ಬೇಡ, ಒಳಗೆ ಕೂರಿಸಿ. ಹಾಗಾದರೆ ಡಿಸೆಂಬರಿನಲ್ಲಿ ದುಡ್ಡು ಬಂದ ತಾಯಿ ಜನವರಿಯಲ್ಲೇ ಶಾಲೆಗೆ ಬರಲು ಹೆದರುವುದಿಲ್ಲ. ಬರುವ ಜೂನಿಗೆ ಎಷ್ಟು ಹೊಸ ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂಬುದೂ ಟ್ರಸ್ಟಿಗೆ ತಿಂಗಳುಗಳ ಮೊದಲೇ ಗೊತ್ತಾಗುತ್ತದೆ.